ರೀಚ್ ಅಂತ ಹೇಳಿ ನಿಮ್ಮ ದುಡ್ಡು ಕರಗಿಸ್ತಿದ್ದಾರೆ

1/6
ನಮ್ಮ ಚಿಕ್ಕಪ್ಪಂದು ದಾವಣಗೆರೆಲಿ ಯುಪಿಎಸ್ ರಿಪೇರಿ ಅಂಗಡಿ. ಗೂಗಲ್ ಆಡ್ ಹಾಕೋ ಕೆಲಸ ಒಬ್ಬರಿಗೆ ಒಪ್ಪಿಸಿದ್ರು. ಅವರು ಹಾಕಿದ ಕೀವರ್ಡ್ ಎರಡೇ: "ಯುಪಿಎಸ್", "ಬ್ಯಾಟರಿ". ತಿಂಗಳ ಕೊನೆಗೆ ಕ್ಲಿಕ್ ಬೇಕಾದಷ್ಟು, ಫೋನ್ ಬಂದಿದ್ದು ನಾಲ್ಕು. ಅದರಲ್ಲಿ ಒಂದು, "ಮೊಬೈಲ್ ಬ್ಯಾಟರಿ ಇದೆಯಾ?" ಅಂತ.
ಕೇಳಿದ್ರೆ ಉತ್ತರ ಏನು ಗೊತ್ತಾ? "ರೀಚ್ ಚೆನ್ನಾಗಿದೆ ಸಾರ್."

2/6
ಸರ್ಚ್ ಟರ್ಮ್ಸ್ ರಿಪೋರ್ಟ್ ತೆಗೆದು ನೋಡಿದೆ. ಜನ ನಿಜವಾಗಿ ಏನು ಟೈಪ್ ಮಾಡಿದಾಗ ನಮ್ಮ ಆಡ್ ಬಂತು ಅಂತ ಅಲ್ಲಿ ಕಾಣುತ್ತೆ. "ಯುಪಿಎಸ್ ಪೆನ್ಷನ್". ಹೌದು, ಕೇಂದ್ರ ಸರ್ಕಾರ 2024ರಲ್ಲಿ ಘೋಷಿಸಿದ ಯೂನಿಫೈಡ್ ಪೆನ್ಷನ್ ಸ್ಕೀಮ್ ಕೂಡ ಯುಪಿಎಸ್ಸೇ! "ಯುಪಿಎಸ್ ಟ್ರ್ಯಾಕಿಂಗ್", ಅದು ಕೊರಿಯರ್ ಕಂಪನಿ. ನಿವೃತ್ತಿ ಲೆಕ್ಕ ಹಾಕೋ ಮೇಷ್ಟ್ರು ತಪ್ಪಿ ಕ್ಲಿಕ್ ಮಾಡಿದ್ದಕ್ಕೂ ದುಡ್ಡು ಕೊಟ್ಟಿದ್ದು ನಮ್ಮ ಚಿಕ್ಕಪ್ಪ.
ಇದು ಮಷೀನ್ ತಪ್ಪಲ್ಲ. ಎರಡು ಅರ್ಥ ಇರೋ ಪದ ಕೊಟ್ಟು, ಮತ್ತೆ ತಿರುಗಿ ನೋಡದೇ ಇರೋದು ತಪ್ಪು.

3/6
ಬಿಕಾಂ ಓದ್ತಿರೋರು ಇದನ್ನ ಕಾಸ್ಟಿಂಗ್ ಲೆಕ್ಕ ಅಂತ ನೋಡಿ. ಉದಾಹರಣೆಗೆ, ಒಂದು ರಿಪೇರಿಲಿ ಉಳಿಯೋದು 400 ರೂಪಾಯಿ, ಒಂದು ಕ್ಲಿಕ್ಕಿಗೆ 20 ಅಂದ್ಕೊಳ್ಳಿ. 10 ಕ್ಲಿಕ್ಕಿಗೆ ಒಬ್ಬ ಗಿರಾಕಿ ಬಂದ್ರೆ ಖರ್ಚು 200, ಲಾಭ 200. 30 ಕ್ಲಿಕ್ಕಿಗೆ ಒಬ್ಬ ಬಂದ್ರೆ ಖರ್ಚು 600, ಕೈಯಿಂದ 200 ಹೋಯ್ತು. ಅಂಗಡಿ ಅದೇ, ಕೆಲಸ ಅದೇ. ಬದಲಾಗಿದ್ದು ಕೀವರ್ಡ್ ಮಾತ್ರ.
ಇನ್ನೊಂದು: ನಿಮ್ಮ ಆಡ್ ನೋಡ್ಕೊಳ್ಳೋರು ಖರ್ಚಿನ ಮೇಲೆ ಪರ್ಸೆಂಟೇಜ್ ತಗೋತಾರಾ? ಹಾಗಾದ್ರೆ ಖರ್ಚು ಕಮ್ಮಿ ಮಾಡೋದ್ರಿಂದ ಅವರಿಗೇನು ಲಾಭ, ಯೋಚನೆ ಮಾಡಿ.

4/6
ಸರಿಯಾದ ಪದ ಎಲ್ಲಿ ಸಿಗುತ್ತೆ? ಮೊದಲು ನಿಮ್ಮ ಅಂಗಡಿ ಫೋನಲ್ಲಿ. "ಪವರ್ ಬ್ಯಾಕಪ್ ಸೊಲ್ಯೂಷನ್ಸ್ ಬೇಕು" ಅಂತ ಯಾವ ಗಿರಾಕಿನೂ ಕೇಳಲ್ಲ. "ಯುಪಿಎಸ್ ಆನ್ ಆಗ್ತಿಲ್ಲ, ಮನೆಗೆ ಬರ್ತೀರಾ?" ಅಂತಾರೆ. ಒಂದು ವಾರ ಬಂದ ಫೋನ್ ಎಲ್ಲಾ ಹಾಗೇ ಬರೆದಿಡಿ. ಅದರಲ್ಲಿ ಕೆಲಸ, ವಸ್ತು, ಊರು ಮೂರೂ ಸೇರಿಸಿ: "ಯುಪಿಎಸ್ ರಿಪೇರಿ ದಾವಣಗೆರೆ". "ಬೀಪ್ ಸೌಂಡ್ ಯಾಕೆ ಬರುತ್ತೆ" ಅನ್ನೋನು ತಾನೇ ಸರಿ ಮಾಡ್ಕೊಳ್ಳೋಕೆ ನೋಡ್ತಿರಬಹುದು. "ರಿಪೇರಿ" ಅಂದವನು ದುಡ್ಡು ಕೊಡೋಕೆ ರೆಡಿ. ಕನ್ನಡ ಅಕ್ಷರ, ಇಂಗ್ಲಿಷ್ ಅಕ್ಷರ ಎರಡರಲ್ಲೂ ಹಾಕಿ, ನಮ್ಮ ಜನ ಎರಡೂ ತರ ಟೈಪ್ ಮಾಡ್ತಾರೆ.

5/6
ಪದ ಬರೀ ಹಾಗೇ ಹಾಕಿದ್ರೆ ಅದು ಬ್ರಾಡ್ ಮ್ಯಾಚ್, ಸಂಬಂಧ ಇದೆ ಅನ್ಸಿದ ಎಲ್ಲದಕ್ಕೂ ಹೋಗುತ್ತೆ. ಕೋಟ್ ಮಾರ್ಕ್ ಒಳಗೆ ಹಾಕಿದ್ರೆ ಫ್ರೇಸ್ ಮ್ಯಾಚ್, ಚೌಕ ಬ್ರಾಕೆಟ್ ಒಳಗೆ ಹಾಕಿದ್ರೆ ಎಕ್ಸಾಕ್ಟ್ ಮ್ಯಾಚ್. ಬೇಡದ್ದನ್ನ ನೆಗೆಟಿವ್ ಲಿಸ್ಟಿಗೆ ಹಾಕಿ: ಪೆನ್ಷನ್, ಟ್ರ್ಯಾಕಿಂಗ್, ಜಾಬ್. ಹುಷಾರು, ನೆಗೆಟಿವ್ ಸಮಾನಾರ್ಥಕ ಪದಗಳನ್ನ ತಡೆಯಲ್ಲ. "ಜಾಬ್" ಹಾಕಿದ್ರೆ "ವೇಕೆನ್ಸಿ" ನಿಲ್ಲಲ್ಲ, ಅದನ್ನೂ ಹಾಕಬೇಕು.

6/6
"ಈಗ ಎಐ ಇದೆ, ಬ್ರಾಡ್ ಮ್ಯಾಚೇ ಬೆಸ್ಟ್" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಯಾವ ಕ್ಲಿಕ್ ವ್ಯಾಪಾರ ಆಯ್ತು ಅನ್ನೋ ಲೆಕ್ಕ ಸಿಸ್ಟಮ್‌ಗೆ ಸಾಕಷ್ಟು ಸಿಗ್ತಿದ್ರೆ, ಒಪ್ತೀನಿ, ಕೆಲಸ ಮಾಡುತ್ತೆ. ಆದ್ರೆ ಗಿರಾಕಿ ಫೋನ್ ಮಾಡಿ, ವ್ಯಾಪಾರ ಚೀಟಿಲಿ ಬರೆಯೋ ಅಂಗಡಿಲಿ ಆ ಲೆಕ್ಕ ಯಾರು ಕೊಟ್ಟಿದ್ದಾರೆ? ಕಲಿಸದೇ ಇದ್ರೆ ಅದು ಏನನ್ನ ಕಲಿಯುತ್ತೆ?
ನಿಮ್ಮ ಮನೇಲಿ ಯಾರಾದ್ರೂ ಆಡ್ ಹಾಕ್ತಿದ್ರೆ ಇವತ್ತು ರಾತ್ರಿನೇ ಆ ರಿಪೋರ್ಟ್ ಕೇಳಿ. ಅಕೌಂಟ್ ನಿಮ್ಮದು, ದುಡ್ಡೂ ನಿಮ್ಮದು. ತೋರಿಸಲ್ಲ ಅಂದ್ರೆ ಆ ಕೆಲಸ ಅವರಿಂದ ಬಿಡಿಸಿ.
ಚಿಕ್ಕಪ್ಪ ಈಗ ಪ್ರತಿ ಸೋಮವಾರ ಅಂಗಡಿ ಬಾಗಿಲು ತೆಗೆಯೋ ಮುಂಚೆ ಅದನ್ನೇ ನೋಡ್ತಾರೆ.
ಸೇವ್ ಮಾಡ್ಕೊಳ್ಳಿ, ಅಂಗಡಿ ಇರೋರಿಗೆ ಕಳಿಸಿ.
#ಕನ್ನಡದಲ್ಲಿಮಾರ್ಕೆಟಿಂಗ್ #ಬಿಕಾಂ #ದಾವಣಗೆರೆ