ಪಶುವೈದ್ಯರು ಪರದೆಯಲ್ಲಿ, ಸೂಜಿ ಯಾರ ಕೈಯಲ್ಲಿ?

ಸಾಕುನಾಯಿಯ ಲಸಿಕೆ ಪುಸ್ತಕ ಅಂಗೈಯಗಲದ ವಸ್ತು. ಒಳಪುಟದಲ್ಲಿ ದಿನಾಂಕ, ಲಸಿಕೆಯ ಹೆಸರು, ಸೀಸೆಯಿಂದ ಕಿತ್ತು ಅಂಟಿಸಿದ ಚೀಟಿ, ಆ ಚೀಟಿಯ ಮೇಲೆ ಬ್ಯಾಚ್ ಸಂಖ್ಯೆ, ಪಕ್ಕದಲ್ಲಿ ಪಶುವೈದ್ಯರ ಸಹಿ ಹಾಗೂ ನೋಂದಣಿ ಸಂಖ್ಯೆಯ ಮೊಹರು ಇರುತ್ತವೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಪೂರ್ಣ ವೋಚರು: ಯಾವ ಸರಕು, ಯಾವ ದಿನ, ಯಾರ ಕೈಯಿಂದ ಎಂಬ ಮೂರು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿದೆ. ಮಹಾನಗರಗಳ ಮನೆಗಳಲ್ಲಿ ಈಗ ಈ ಪುಸ್ತಕದ ಜಾಗವನ್ನು ಮೊಬೈಲಿಗೆ ಬಂದು ಬೀಳುವ ಪಿಡಿಎಫ್ ಕಡತ ಹಿಡಿಯತೊಡಗಿದೆ. ವೈದ್ಯರು ಬೇರೊಂದು ಊರಿನಲ್ಲಿ ಕುಳಿತು ವಿಡಿಯೊ ಕರೆಯಲ್ಲಿ ಎರಡು ಮಾತು ಕೇಳುತ್ತಾರೆ. ಹೆಗಲಿಗೆ ಚೀಲ ಹಾಕಿಕೊಂಡ ಯುವಕನೊಬ್ಬ ಮನೆಗೆ ಬಂದು ಚುಚ್ಚಿ ಹೋಗುತ್ತಾನೆ. ಸಂಜೆಯ ಹೊತ್ತಿಗೆ ಸಹಿಯಿರುವ ಪ್ರಮಾಣಪತ್ರ ತಲುಪುತ್ತದೆ. ಸಹಿ ಮಾಡಿದವರು ಸೀಸೆಯನ್ನು ಕಂಡಿಲ್ಲ; ಚುಚ್ಚಿದವನ ಹೆಸರು ಕಾಗದದ ಮೇಲಿಲ್ಲ.

ಹಾಗೆಂದು ದೂರದ ಪಶುವೈದ್ಯ ಸೇವೆಯನ್ನೇ ನಿಷೇಧಿಸಬೇಕೆಂಬ ವಾದ ಸರಿಯಲ್ಲ. ಮುಂಬಯಿಯ ಉಪನಗರದಲ್ಲಿ ಎಪ್ಪತ್ತು ದಾಟಿದ ದಂಪತಿಗಳಿಗೆ ಮೂವತ್ತು ಕಿಲೋ ತೂಕದ ನಾಯಿಯನ್ನು ಆಟೋ ಹತ್ತಿಸಿ ಚಿಕಿತ್ಸಾಲಯಕ್ಕೆ ಒಯ್ಯುವುದು ಸುಲಭವಲ್ಲ. ರಾತ್ರಿ ಹನ್ನೊಂದಕ್ಕೆ ಮರಿ ವಾಂತಿ ಮಾಡಿದರೆ, ಬೆಳಗಿನವರೆಗೆ ಕಾಯಬಹುದೇ, ಈಗಲೇ ಓಡಬೇಕೇ ಎಂದು ಹೇಳುವ ಒಂದು ಧ್ವನಿಗೆ ಬೆಲೆಯುಂಟು. ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ಅನುಕೂಲವೂ ಇದೆ. ‘ಮಂಕಾಗಿದೆ’, ‘ಹೊಟ್ಟೆ ಉಬ್ಬರಿಸಿದೆ’, ‘ನಿನ್ನೆಯಿಂದ ಮೂಸಿ ನೋಡಿ ಬಿಡುತ್ತಿದೆ’ ಎಂಬ ಮಾತುಗಳನ್ನು ಅಜ್ಜಿಯೊಬ್ಬರು ಪುಣೆಯಲ್ಲಿ ಕುಳಿತು ಹುಬ್ಬಳ್ಳಿಯ ವೈದ್ಯರಿಗೆ ತಮ್ಮ ಭಾಷೆಯಲ್ಲೇ ಹೇಳಬಹುದು. ಪ್ರಾಣಿಗೆ ಬಾಯಿಲ್ಲ, ಅದರ ಪರವಾಗಿ ಮಾತನಾಡುವವರಿಗಾದರೂ ಭಾಷೆ ತೊಡಕಾಗಬಾರದು. ಗುಣವಾಗುತ್ತಿರುವ ಗಾಯವನ್ನು ಮತ್ತೆ ನೋಡುವುದು, ಆಹಾರದ ಪ್ರಮಾಣ ಹೇಳುವುದು, ಮುಂದಿನ ಲಸಿಕೆಯ ದಿನವನ್ನು ನೆನಪಿಸುವುದು, ಇವೆಲ್ಲ ತಂತಿಯ ಮೇಲೆ ಸಲೀಸಾಗಿ ನಡೆಯುವ ಕೆಲಸಗಳೇ.

ಆದರೆ ತಂತಿಗೆ ಮೀರಿದ ಸಂಗತಿಗಳೂ ಇವೆ. ನಾಯಿ ಜೊಲ್ಲು ಸುರಿಸುತ್ತಿದೆ, ನುಂಗಲು ಕಷ್ಟಪಡುತ್ತಿದೆ, ಧ್ವನಿ ಬದಲಾಗಿದೆ ಎಂದಾಗ ಮನೆಯವರಿಗೆ ಮೊದಲು ತೋಚುವುದು ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂಬುದು. ಅವರು ಬಾಯೊಳಗೆ ಕೈಹಾಕಿ ಹುಡುಕುತ್ತಾರೆ. ರೇಬೀಸ್ ರೋಗದ ಮೂಕ ರೂಪವೂ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಆ ಜೊಲ್ಲಿನಲ್ಲೇ ವೈರಾಣು ಇರುತ್ತದೆ. ಇಂತಹ ಪ್ರಾಣಿಯ ವಿಷಯದಲ್ಲಿ ಪರದೆಯ ಆಚೆಗಿನ ವೈದ್ಯರು ಹೇಳಬಹುದಾದ ಸುರಕ್ಷಿತ ಮಾತು ಒಂದೇ: ‘ಮುಟ್ಟಬೇಡಿ, ಪ್ರತ್ಯೇಕವಾಗಿಡಿ, ನೇರವಾಗಿ ತೋರಿಸಿ.’ ಇದು ವೈದ್ಯರ ವಿವೇಚನೆಗೆ ಬಿಟ್ಟ ಸೌಜನ್ಯವಾಗಿ ಉಳಿಯಬಾರದು, ಕಡ್ಡಾಯ ನಿಯಮವಾಗಬೇಕು.

ಮನುಷ್ಯರ ವಿಷಯದಲ್ಲಿ ಇಂತಹ ನಿಯಮ ಬಂದು ವರ್ಷಗಳಾದವು. 2020ರ ಮಾರ್ಚ್ 25ರಂದು, ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನವೇ, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಹೊರಡಿಸಿತು. ಯಾವ ಔಷಧವನ್ನು ಬರಿಯ ದೂರವಾಣಿಯಲ್ಲಿ ಬರೆಯಬಹುದು, ಯಾವುದಕ್ಕೆ ಮೊದಲ ಭೇಟಿ ವಿಡಿಯೊದಲ್ಲಾದರೂ ಆಗಬೇಕು, ಯಾವುದನ್ನು ದೂರದಿಂದ ಬರೆಯಲೇಬಾರದು ಎಂದು ಅದರಲ್ಲಿ ಪಟ್ಟಿಗಳಿವೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶ ತಾನಾಗಿಯೇ ರೋಗಿಗೆ ಔಷಧ ಬರೆಯಕೂಡದೆಂಬ ಕಟ್ಟೂ ಇದೆ. ಆದರೆ ಆ ಮಾರ್ಗಸೂಚಿ ಮನುಷ್ಯ ವೈದ್ಯರಿಗೆ ಮಾತ್ರ ಅನ್ವಯಿಸುತ್ತದೆ. ಪ್ರಾಣಿಗಳಿಗೆ ಆಧಾರವಾಗಿರುವುದು 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆ. ಮನೆಯ ದೂರವಾಣಿಗೇ ವರ್ಷಗಟ್ಟಲೆ ಕಾಯಬೇಕಿದ್ದ ಕಾಲದ ಕಾಯಿದೆಯಲ್ಲಿ ವಿಡಿಯೊ ಕರೆಯ ಮಾತನ್ನು ಹುಡುಕುವುದು ಅನ್ಯಾಯವೇ ಸರಿ. ಅಂದಿನಿಂದ ಇಂದಿನವರೆಗೆ ಅದನ್ನು ಸೇರಿಸದವರನ್ನು ಕೇಳುವುದು ಅನ್ಯಾಯವಲ್ಲ.

ಆ ಕಾಯಿದೆಯ 30ನೆಯ ಕಲಮು ಈ ಚರ್ಚೆಯ ಕೀಲಿಕೈ. ನೋಂದಾಯಿತ ಪಶುವೈದ್ಯರಲ್ಲದೆ ಬೇರೆಯವರು ಪಶುವೈದ್ಯ ವೃತ್ತಿ ನಡೆಸಕೂಡದೆಂದು ಅದು ಹೇಳುತ್ತದೆ. ಜತೆಗೆ ಒಂದು ವಿನಾಯಿತಿಯನ್ನೂ ಕೊಡುತ್ತದೆ: ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಸಹಾಯಕರಿಗೆ, ನೋಂದಾಯಿತ ವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ, ‘ಕಿರು ಪಶುವೈದ್ಯ ಸೇವೆ’ ಸಲ್ಲಿಸಲು ರಾಜ್ಯ ಸರ್ಕಾರ ಅನುಮತಿ ನೀಡಬಹುದು. ಆ ಕಿರು ಸೇವೆಗಳ ವಿವರಣೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದರ ಜತೆಗೆ ಲಸಿಕೆಯೂ ಇದೆ. ಅಂದರೆ ಸೂಜಿ ವೈದ್ಯರ ಕೈಯಲ್ಲೇ ಇರಬೇಕೆಂದು ಕಾನೂನು ಹಟ ಹಿಡಿದಿಲ್ಲ. ತರಬೇತಿ ಪಡೆದ ಕೈ ಬೇಕು, ಅದರ ಮೇಲೊಬ್ಬ ಹೊಣೆಗಾರ ಬೇಕು ಎಂಬುದಷ್ಟೇ ಅದರ ಆಶಯ. ಇಂದಿನ ಪ್ರಶ್ನೆ ಹುಟ್ಟುವುದು ಮೇಲ್ವಿಚಾರಣೆ ಎಂಬ ಒಂದು ಪದದಲ್ಲಿ. ಆರುನೂರು ಕಿಲೋಮೀಟರು ಆಚೆ ಕುಳಿತು ಪರದೆಯಲ್ಲಿ ನೋಡುವುದು ಮೇಲ್ವಿಚಾರಣೆಯೇ? ನೋಡಲೂ ಇಲ್ಲದೆ ದಿನದ ಕೊನೆಗೆ ನಲವತ್ತು ಪ್ರಮಾಣಪತ್ರಗಳಿಗೆ ಒಟ್ಟಿಗೆ ಸಹಿ ಮಾಡುವುದು? ಬ್ಯಾಗು ಹೊತ್ತು ಬಂದ ಯುವಕನಿಗೆ ಡಿಪ್ಲೊಮಾ ಇದೆಯೇ ಎಂದು ಕೇಳಿದ ಮನೆಗಳು ಎಷ್ಟು?

ಈ ಪದವನ್ನು ಬಿಡಿಸಿ ಹೇಳುವ ಪ್ರಯತ್ನ ಬೇರೆಡೆ ನಡೆದಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2024ರ ಜನವರಿ 1ರಿಂದ ಎರಡು ಕಾನೂನುಗಳು ಒಟ್ಟಿಗೆ ಜಾರಿಗೆ ಬಂದವು. ಒಂದರ ಪ್ರಕಾರ ವೈದ್ಯರು ವಿಡಿಯೊ ಮೂಲಕ ಹೊಸ ಪ್ರಾಣಿಯ ಚಿಕಿತ್ಸೆಯನ್ನು ಕೈಗೆತ್ತಿಕೊಳ್ಳಬಹುದು. ಬರಿಯ ಧ್ವನಿ ಕರೆ ಅಥವಾ ತುಂಬಿ ಕಳಿಸಿದ ಪ್ರಶ್ನಾವಳಿ ಸಾಲದು, ವೈದ್ಯರು ಆ ರಾಜ್ಯದ ಪರವಾನಗಿ ಪಡೆದವರಾಗಿರಬೇಕು, ನೇರವಾಗಿ ನೋಡದೆ ಬರೆಯುವ ಸೂಕ್ಷ್ಮಾಣುನಾಶಕ ಔಷಧ 14 ದಿನ ಮೀರಬಾರದು. ಇನ್ನೊಂದು ಕಾನೂನು ನೋಂದಾಯಿತ ಸಹಾಯಕರಿಗೆ, ವೈದ್ಯರು ಬರೆದುಕೊಟ್ಟ ಲಿಖಿತ ವಿಧಾನಕ್ರಮದ ಅಡಿಯಲ್ಲಿ, ವೈದ್ಯರ ಪ್ರತಿನಿಧಿಯಾಗಿ ಲಸಿಕೆ ಹಾಕಲು ಅವಕಾಶ ಕೊಟ್ಟಿತು. ಅಲ್ಲಿನ ವಿವರಗಳೆಲ್ಲ ಇಲ್ಲಿಗೆ ಒಗ್ಗಬೇಕೆಂದಿಲ್ಲ. ಗಮನಿಸಬೇಕಾದುದು, ಸಲಹೆಗೆ ಒಂದು ಕಾನೂನು, ಸೂಜಿಗೆ ಇನ್ನೊಂದು ಕಾನೂನು ಎಂದು ಅವರು ಬೇರ್ಪಡಿಸಿದ ರೀತಿ. ನೋಟ ದೂರದಿಂದ ಆಗಬಹುದು. ಲಸಿಕೆಗೆ ಮಾತ್ರ ಹೆಸರು, ನೋಂದಣಿ ಇರುವ ಒಬ್ಬ ವ್ಯಕ್ತಿ ಪ್ರಾಣಿಯ ಪಕ್ಕದಲ್ಲಿ ನಿಂತಿರಬೇಕು. 1984ರ ಕಾಯಿದೆಯಲ್ಲಿ ಈ ವಿಭಜನೆಯ ಬೀಜ ಆಗಲೇ ಇದೆ. ಅದನ್ನು ಮೊಳೆಯಿಸಲು ರಾಜ್ಯ ಸರ್ಕಾರಗಳ ಅಧಿಸೂಚನೆ ಸಾಕು, ಏಕೆಂದರೆ ಪಶುವೈದ್ಯ ವೃತ್ತಿ ಸಂವಿಧಾನದ ರಾಜ್ಯಪಟ್ಟಿಗೆ ಸೇರಿದ ವಿಷಯ.

ಲಸಿಕೆಯ ಮೇಲೆ ಇಷ್ಟು ಒತ್ತು ಏಕೆ? ರೇಬೀಸ್ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟರೆ ಅದರ ಸತ್ವ ಕುಗ್ಗುತ್ತದೆ, ಮಂಜುಗಟ್ಟಿದರೂ ಕೆಡುತ್ತದೆ. ಕೆಟ್ಟ ಲಸಿಕೆಗೂ ಒಳ್ಳೆಯ ಲಸಿಕೆಗೂ ಹೊರನೋಟದಲ್ಲಿ ವ್ಯತ್ಯಾಸ ಕಾಣದಿರಬಹುದು. ನಾಯಿ ಎರಡನ್ನೂ ಒಂದೇ ರೀತಿ ಸಹಿಸಿಕೊಂಡು ಬಾಲ ಅಲ್ಲಾಡಿಸುತ್ತದೆ. ಲೆಕ್ಕದಲ್ಲಿ ತಪ್ಪಾದರೆ ವರ್ಷದ ಕೊನೆಗೆ ತಾಳೆಯಾಗದೆ ಸಿಕ್ಕಿಬೀಳುತ್ತದೆ. ಇಲ್ಲಿ ತಪ್ಪು ಸಿಕ್ಕಿಬೀಳುವುದು ಯಾರಿಗಾದರೂ ಕಚ್ಚಿದ ಮೇಲೆ. ಲಕ್ಷಣಗಳು ಕಾಣಿಸಿಕೊಂಡ ಬಳಿಕ ರೇಬೀಸ್‌ನಿಂದ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರತದಲ್ಲೇ ಸಂಭವಿಸುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕಚ್ಚಿಸಿಕೊಳ್ಳುವವರು ಯಾರು ಎಂಬುದನ್ನೂ ನೋಡಬೇಕು. ಫ್ಲ್ಯಾಟಿನ ನಾಯಿ ಮನೆಯ ಯಜಮಾನನಿಗೆ ಕಚ್ಚುವುದು ಕಡಿಮೆ. ಕಚ್ಚುವುದು ಪಾತ್ರೆ ತೊಳೆಯಲು ಬರುವ ಬಾಯಿಗೆ, ಪಾರ್ಸೆಲ್ ತಂದ ಹುಡುಗನಿಗೆ, ಲಿಫ್ಟಿನಲ್ಲಿ ಜತೆಯಾದ ನೆರೆಮನೆಯ ಮಗುವಿಗೆ. ಆಗ ಮನೆಯವರು ಧೈರ್ಯ ಹೇಳಲು ಎತ್ತಿ ತೋರಿಸುವುದು ಅದೇ ಪಿಡಿಎಫ್: ‘ಹೆದರಬೇಡ, ಲಸಿಕೆ ಆಗಿದೆ.’ ಆ ಮಾತನ್ನು ನಂಬಿ ಬಾಯಿ ಆಸ್ಪತ್ರೆಗೆ ಹೋಗದೆ ಒಂದು ದಿನದ ಕೂಲಿ ಉಳಿಸಿಕೊಳ್ಳುತ್ತಾಳೆ. ಪ್ರಮಾಣಪತ್ರ ಹುಸಿಯಾಗಿದ್ದರೆ ನಾಯಿಯ ಮೇಲಿನ ದಯೆ ಅವಳ ಪಾಲಿಗೆ ಹಿಂಸೆಯಾಗಿ ಪರಿಣಮಿಸುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಹೊಡೆಯುವುದು, ಕಟ್ಟಿಹಾಕುವುದರ ಜತೆಗೆ ಅನ್ನಪಾನ ತಪ್ಪಿಸುವುದನ್ನೂ ಆಚಾರ್ಯರು ಎಣಿಸಿದ್ದಾರೆ. ಮಾಡಿದ ಕೆಲಸದಂತೆ ಮಾಡದೆ ಬಿಟ್ಟ ಕೆಲಸವೂ ದೋಷವೆಂಬ ತಿಳಿವಳಿಕೆ ಶ್ರಾವಕರಿಗೆ ಹೊಸದೇನಲ್ಲ.

ನಾಯಿಯ ಪಾಲಿಗೂ ಈ ಕಾಗದ ಹಗುರವಾದುದಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಲಸಿಕೆಯ ಹೊಣೆಯನ್ನು ನೇರವಾಗಿ ಒಡೆಯನ ಮೇಲೆ ಹೊರಿಸಿವೆ. ಬೀದಿನಾಯಿಗಳ ಕುರಿತು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿ, ಸಂತಾನಹರಣ ಹಾಗೂ ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡಬೇಕು, ರೇಬೀಸ್ ಇರುವ ಅಥವಾ ಶಂಕಿತ ನಾಯಿಗಳನ್ನೂ ಆಕ್ರಮಣಶೀಲ ನಾಯಿಗಳನ್ನೂ ಬಿಡಬಾರದು ಎಂದಿತು. ಲಸಿಕೆಯ ದಾಖಲೆ ಹೀಗೆ ನಾಯಿಯ ಸ್ವಾತಂತ್ರ್ಯದ ದಾಖಲೆಯೂ ಆಯಿತು. ಮಕ್ಕಳ ಬಳಿಗೆಂದು ಯುರೋಪಿಗೆ ನಾಯಿಯನ್ನು ಕರೆದೊಯ್ಯಲು ಹೊರಟ ಕುಟುಂಬಗಳಿಗೆ ಕಾಗದದ ಬೆಲೆ ಇನ್ನೂ ಚೆನ್ನಾಗಿ ಗೊತ್ತು. ಮೈಕ್ರೊಚಿಪ್ ಅಳವಡಿಸುವ ಮೊದಲು ಹಾಕಿದ ಲಸಿಕೆ ಅಲ್ಲಿ ಲೆಕ್ಕಕ್ಕೆ ಬಾರದು; ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತಪರೀಕ್ಷೆ, ಆನಂತರ ಮೂರು ತಿಂಗಳು ಕಾಯುವುದು. ಯಾವ ಪ್ರಾಣಿಗೆ ಲಸಿಕೆ ಆಯಿತು ಎಂಬುದೇ ಖಚಿತವಾಗದೆ ಲಸಿಕೆಯನ್ನು ನಂಬಲಾಗದು ಎಂಬ ಸರಳ ತರ್ಕ ಅದು. ಅಲೋಕ ಬಣ್ಣದ ಲ್ಯಾಬ್ರಡಾರ್ ಎಂದಷ್ಟೇ ಬರೆದ ಪ್ರಮಾಣಪತ್ರ ಒಂದೇ ಕಟ್ಟಡದ ನಾಲ್ಕು ನಾಯಿಗಳಿಗೆ ಸಲ್ಲುತ್ತದೆ.

ಸರ್ಕಾರಕ್ಕೆ ಪಶುಚಿಕಿತ್ಸಾಲಯದ ನೆನಪು ಒಂದು ಕಡೆ ಮಾತ್ರ ಸ್ಪಷ್ಟವಾಗಿದೆ. 2017ರ ಜಿಎಸ್‌ಟಿ ವಿನಾಯಿತಿ ಅಧಿಸೂಚನೆಯಲ್ಲಿ ಪ್ರಾಣಿ ಪಕ್ಷಿಗಳ ಆರೋಗ್ಯಕ್ಕಾಗಿ ಪಶುಚಿಕಿತ್ಸಾಲಯ ಸಲ್ಲಿಸುವ ಸೇವೆಗೆ ತೆರಿಗೆ ಇಲ್ಲ. ವೈದ್ಯರನ್ನೂ ಗಿರಾಕಿಯನ್ನೂ ಜೋಡಿಸಿ ನಡುವೆ ಶುಲ್ಕ ಪಡೆಯುವ ಆ್ಯಪು ಚಿಕಿತ್ಸಾಲಯವೇ, ದಲ್ಲಾಳಿಯೇ? ತೆರಿಗೆಯ ಮಟ್ಟಿಗೆ ಈ ಪ್ರಶ್ನೆಯನ್ನು ಇಲಾಖೆ ಬಿಡದೆ ಕೇಳುತ್ತದೆ. ಲಸಿಕೆ ವಿಫಲವಾದಾಗಲೂ ಅದೇ ಪ್ರಶ್ನೆ ಏಳಬೇಕು. ರಿಯಾಯಿತಿಯ ಹೊತ್ತಿಗೆ ಚಿಕಿತ್ಸಾಲಯ, ಹೊಣೆಯ ಹೊತ್ತಿಗೆ ಬರಿಯ ತಂತ್ರಾಂಶ ಎಂಬ ಎರಡು ನಾಲಗೆಗೆ ನಿಯಮ ಎಡೆಗೊಡಬಾರದು.

ಲಸಿಕೆಯ ಬಗೆಗೇ ಸಮಾಜದ ಕೆಲವು ಹಿರಿಯರಿಗೆ ಅಳುಕು ಇದೆ. ಅದನ್ನು ಅಪಹಾಸ್ಯ ಮಾಡಬೇಕಾಗಿಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕುತ್ತಿದ್ದ ಕಾಲದ ಲಸಿಕೆ ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು. ಕಸೌಲಿಯಲ್ಲಿ ರೂಪುಗೊಂಡ ಆ ವಿಧಾನ ಈ ಶತಮಾನದ ಮೊದಲ ವರ್ಷಗಳವರೆಗೂ ದೇಶದಲ್ಲಿ ಬಳಕೆಯಲ್ಲಿತ್ತು. ಇಂದಿನ ರೇಬೀಸ್ ಲಸಿಕೆಗಳು ಜೀವಕೋಶ ಕೃಷಿಯಿಂದ ಬರುತ್ತವೆ. ಹಳೆಯ ಅಳುಕಿಗೆ ಇದ್ದ ಕಾರಣ ಬಹುಪಾಲು ತೀರಿದೆ ಎಂಬುದನ್ನು ಅವರಿಗೆ ಸಮಾಧಾನವಾಗಿ ತಿಳಿಸಬೇಕು.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲದವರೂ ಇದ್ದಾರೆ. ಮುಂಬಯಿಯ ಭುಲೇಶ್ವರದ ಪಾಂಜರಾಪೋಳ 1834ರಲ್ಲಿ ಸ್ಥಾಪನೆಯಾದದ್ದು, ಅದಕ್ಕೆ ಎರಡು ವರ್ಷ ಮೊದಲು ಬ್ರಿಟಿಷರು ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ಎದ್ದ ಗಲಭೆಯ ಹಿನ್ನೆಲೆಯಲ್ಲಿ. ಪಾರಸಿ ಹಾಗೂ ಜೈನ ವರ್ತಕರು ಅದಕ್ಕೆ ಹಣ ಕೂಡಿಸಿದರು. ಆ ಪರಂಪರೆಯ ಪಾಂಜರಾಪೋಳಗಳೂ ಪ್ರಾಣಿ ಆಶ್ರಯಗಳೂ ಇಂದು ಅನೇಕ ಊರುಗಳಲ್ಲಿ ಸಮಾಜದ ಟ್ರಸ್ಟುಗಳ ಕೈಯಲ್ಲಿವೆ. ಪೂರ್ಣಾವಧಿ ವೈದ್ಯರನ್ನು ಇಟ್ಟುಕೊಳ್ಳುವ ಶಕ್ತಿ ಎಲ್ಲಕ್ಕೂ ಇಲ್ಲ. ದೂರದ ವೈದ್ಯರಿಂದ ಹೆಚ್ಚು ಪ್ರಯೋಜನ ಆಗಬಹುದಾದದ್ದೂ ಅಲ್ಲಿಯೇ. ಅಲ್ಲಿ ಲಸಿಕೆಯ ದಾಸ್ತಾನು ಪುಸ್ತಕ ಇಡುವುದು ಕಷ್ಟದ ಕೆಲಸವಲ್ಲ. ಹತ್ತು ಮಿಲಿಲೀಟರಿನ ಸೀಸೆ ಹತ್ತು ನಾಯಿಗಳಿಗೆ ಸಾಕು. ವರ್ಷದಲ್ಲಿ 12 ಸೀಸೆ ಖರೀದಿಯಾಗಿ 150 ಪ್ರಮಾಣಪತ್ರ ಹೊರಬಿದ್ದಿದ್ದರೆ 30 ನಾಯಿಗಳಿಗೆ ಏನು ಚುಚ್ಚಲಾಯಿತು ಎಂದು ಲೆಕ್ಕಪರಿಶೋಧಕರು ಕೇಳಲೇಬೇಕು. ಫ್ರಿಜ್ಜಿನ ಉಷ್ಣಾಂಶವನ್ನು ದಿನಕ್ಕೆ ಎರಡು ಬಾರಿ ಬರೆದಿಡಲು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಪ್ರತಿ ಪ್ರಮಾಣಪತ್ರದಲ್ಲೂ ಬ್ಯಾಚ್ ಸಂಖ್ಯೆ, ಚುಚ್ಚಿದವರ ಹೆಸರು ಮತ್ತು ಅರ್ಹತೆ, ಪರದೆಯಲ್ಲಿ ನೋಡಿದ ವೈದ್ಯರ ನೋಂದಣಿ ಸಂಖ್ಯೆ, ಪ್ರಾಣಿಯ ಗುರುತು ಇರಲಿ. ದಾನಪೆಟ್ಟಿಗೆಯ ಹಣವನ್ನು ಎಣಿಸಲು ಇಬ್ಬರು ಟ್ರಸ್ಟಿಗಳು ಕೂಡುವ ಸಂಸ್ಥೆಗಳಲ್ಲಿ ಸೀಸೆಗಳನ್ನು ಎಣಿಸಲು ಒಬ್ಬರೂ ಇಲ್ಲದಿರುವುದು ವಿಚಿತ್ರ. ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಜಮಾಖರ್ಚಿನ ಕೆಳಗೆ ಈ ಒಂದು ಸಾಲಿಗೆ ಜಾಗವಿದೆ.