ಕಾಣದ ಚಿಕ್ಕಿಗೂ ಲೆಕ್ಕ ಉಂಟು

ಮಕ್ಕಳೇ, ‘ಖಗೋಳ ವಿಜ್ಞಾನ’ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ದೊಡ್ಡ ದೂರದರ್ಶಕ, ದೊಡ್ಡ ಪದವಿ ಪಡೆದವರು ಬರುತ್ತಾರೆ, ಅಲ್ಲವೇ? ಈ ವಾರ ನಾನು ಹೇಳುವುದು ಒಬ್ಬ ಖಜಾನೆ ನೌಕರರ ಕಥೆ. ನಾನೂ ಮೂರು ದಶಕಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಹಾಗಾಗಿ ಅವರನ್ನು ಕಂಡರೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನ.

ಅವರ ಹೆಸರು ರಾಧಾಗೋವಿಂದ ಚಂದ್ರ. ಹುಟ್ಟಿದ್ದು 1878ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಜೆಸೋರ್‌ನಲ್ಲಿ. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಸರ್ಕಾರಿ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಸಣ್ಣ ನೌಕರಿ ಹಿಡಿದರು. ಹಗಲು ನಾಣ್ಯ, ರಾತ್ರಿ ನಕ್ಷತ್ರ! ಕೆಲವು ನಕ್ಷತ್ರಗಳ ಬೆಳಕು ಕೆಲವು ದಿನ ಹೆಚ್ಚಾಗುತ್ತದೆ, ಕೆಲವು ದಿನ ಕಡಿಮೆಯಾಗುತ್ತದೆ. ಅಂಥವನ್ನು ಪಕ್ಕದ ನಕ್ಷತ್ರದ ಜೊತೆ ಹೋಲಿಸಿ ನೋಡಿ, ಎಷ್ಟು ಬೆಳಗುತ್ತಿದೆ ಎಂದು ಅವರು ಬರೆದಿಡುತ್ತಿದ್ದರು. ಆ ಲೆಕ್ಕ ಅಮೆರಿಕದ ಹವ್ಯಾಸಿ ವೀಕ್ಷಕರ ಸಂಘಕ್ಕೆ ಹೋಗುತ್ತಿತ್ತು. ಸಂಘದವರು ಎಷ್ಟು ಮೆಚ್ಚಿದರೆಂದರೆ, 1926ರಲ್ಲಿ ಆರು ಅಂಗುಲದ ದೂರದರ್ಶಕವನ್ನೇ ಹಡಗಿನಲ್ಲಿ ಕಳಿಸಿಕೊಟ್ಟರು. 1954ರವರೆಗೆ ಅವರು ಕಳಿಸಿದ ವೀಕ್ಷಣೆಗಳು 37,000ಕ್ಕೂ ಹೆಚ್ಚು! ಆಮೇಲೆ ಆ ದೂರದರ್ಶಕ ನಮ್ಮ ದೇಶದ ಹೆಸರಾಂತ ಖಗೋಳ ವಿಜ್ಞಾನಿ ವೈನು ಬಾಪು ಅವರ ಕೈಗೆ ಬಂದು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕಾವಲೂರು ವೀಕ್ಷಣಾಲಯ ಸೇರಿತು.

ಹೀಗೆ ಸಂಬಳವಿಲ್ಲದೆ, ಆಸಕ್ತಿಯಿಂದ ಸಾಮಾನ್ಯ ಜನ ವಿಜ್ಞಾನಕ್ಕೆ ಕೈಜೋಡಿಸುವುದಕ್ಕೆ ಈಗ ‘ನಾಗರಿಕ ವಿಜ್ಞಾನ’ ಎನ್ನುತ್ತಾರೆ. 2020ರಲ್ಲಿ ಸೂರತ್‌ನ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು, ದೂರದರ್ಶಕ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಒಂದು ಕ್ಷುದ್ರಗ್ರಹವನ್ನೇ ಪತ್ತೆ ಮಾಡಿದರು.

ಕಂಪ್ಯೂಟರೂ ಬೇಡ, ಬರಿ ಕಣ್ಣು ಸಾಕು ಎನ್ನುವ ಕೆಲಸವೂ ಇದೆ. ‘ಗ್ಲೋಬ್ ಅಟ್ ನೈಟ್’ ಎಂಬ ಯೋಜನೆ 2006ರಿಂದ ನಡೆಯುತ್ತಿದೆ. ನಿಮ್ಮ ಊರಿನಿಂದ ಎಷ್ಟು ನಕ್ಷತ್ರ ಕಾಣುತ್ತವೆ ಎಂದು ನೋಡಿ, ಅವರು ಕೊಟ್ಟ ನಕ್ಷೆಗಳಲ್ಲಿ ನಿಮ್ಮ ಆಕಾಶಕ್ಕೆ ಹೋಲುವುದನ್ನು ಆರಿಸಿ ತಿಳಿಸಿದರೆ ಆಯಿತು.

ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲೂ ಇದರ ತಾಲೀಮು ನಡೆಯಿತು. ಮೊಮ್ಮಗಳು ಬೆಳಗಾವಿಯ ಟಿಳಕವಾಡಿಯಲ್ಲಿ, ನಮ್ಮ ಮಾಳಿಗೆಯ ಮೇಲೆ. ಅವಳ ಸೋದರತ್ತೆಯ ಮಗ ಖಾನಾಪುರದ ಆಚೆ, ಕಾಡಂಚಿನ ಹಳ್ಳಿಯಲ್ಲಿ. ನಡುವೆ ಹೆಚ್ಚೆಂದರೆ ಒಂದು ತಾಸಿನ ದಾರಿ. ಮೃಗಶಿರ, ಆರ್ದ್ರಾ ಇರುವ ಮಹಾವ್ಯಾಧ ನಕ್ಷತ್ರಪುಂಜವನ್ನು ಇಬ್ಬರೂ ಒಂದೇ ಹೊತ್ತಿಗೆ ನೋಡಬೇಕು. ನಾಲ್ಕು ಮೂಲೆಯ ನಾಲ್ಕು ಚಿಕ್ಕಿ ಬಿಟ್ಟು ಒಳಗಿನವನ್ನು ಎಣಿಸಬೇಕು. “ನಮಗ ಮಿರಗ ಅಂದ್ರ ಮಳಿ, ಆರಿದ್ರ ಅಂದ್ರನೂ ಮಳಿ. ಈ ಹುಡುಗ್ರಿಗೆ ಅವು ಚಿಕ್ಕಿ ಅಂತ ಗೊತ್ತಾತಲ್ಲ!” ಅಂತ ನನ್ನಾಕೆ ನಕ್ಕಳು.

ಹಳ್ಳಿಯಿಂದ ಫೋನು ಬಂತು: ಇಪ್ಪತ್ತೊಂದು. ನಮ್ಮ ಹುಡುಗಿ ಮೂರು ಸಲ ಎಣಿಸಿದಳು. ಏಳೇ ಏಳು. ಮುಖ ಸಣ್ಣದಾಯಿತು.

“ಅಜ್ಜಾ, ಏಳು ಅಂತ ಬರದ್ರ ಅವ ನಗ್ತಾನ. ಹದಿನೈದು ಅಂತ ಬರೀಲೇನು? ಅವು ಅಲ್ಲೇ ಅದಾವಲ್ಲ, ನಮಗ ಕಾಣವಲ್ವು ಅಷ್ಟ.”

“ಬ್ಯಾಡವ್ವಾ,” ಅಂದೆ. “ಬ್ಯಾಂಕಿನಾಗ ಸಂಜಿಗೆ ರೊಕ್ಕ ಎಣಿಸಿದಾಗ ಹತ್ತು ರೂಪಾಯಿ ಕಡಿಮಿ ಬಂದ್ರ ಕಡಿಮಿ ಅಂತನ ಬರೀತಿದ್ವಿ. ಕಡಿಮಿ ಅಂತ ಬರದ್ರ ತಾನ ಹುಡುಕೂದು? ನೀ ಹದಿನೈದು ಅಂತ ಬರದ್ರ, ಹ್ವಾದ ಚಿಕ್ಕಿ ಯಾರು ಹುಡುಕ್ತಾರ?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ವಹಿಯಲ್ಲಿ ‘7’ ಎಂದು ಬರೆದಳು. ನನಗೆ ಅದು ಇಪ್ಪತ್ತೊಂದಕ್ಕಿಂತ ದೊಡ್ಡ ಅಂಕಿಯಾಗಿ ಕಂಡಿತು.

ಯಾಕೆ ಗೊತ್ತೇ? 2011ರಿಂದ 2022ರವರೆಗೆ ಜಗತ್ತಿನ ಜನ ಹೀಗೆ ಕಳಿಸಿದ 51,000ಕ್ಕೂ ಹೆಚ್ಚು ವೀಕ್ಷಣೆಗಳನ್ನು ವಿಜ್ಞಾನಿಗಳು ಕೂಡಿಸಿ ನೋಡಿದರು. ರಾತ್ರಿಯ ಆಕಾಶ ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಹೆಚ್ಚು ಬೆಳಗಾಗುತ್ತಿದೆ ಎಂದು 2023ರಲ್ಲಿ ಪ್ರಕಟಿಸಿದರು. ಉಪಗ್ರಹಗಳ ಲೆಕ್ಕ ಇಷ್ಟು ತೋರಿಸಿರಲಿಲ್ಲ. ಬಿಳಿ ಎಲ್‌ಇಡಿ ದೀಪಗಳ ನೀಲಿ ಅಂಶ ಅವಕ್ಕೆ ಸರಿಯಾಗಿ ಕಾಣುವುದಿಲ್ಲ, ಅಡ್ಡಡ್ಡ ಹರಡುವ ಬೆಳಕೂ ತಪ್ಪಿಹೋಗುತ್ತದೆ. ಮನುಷ್ಯರ ಕಣ್ಣಿಗೆ ಸಿಕ್ಕಿತು! ಈ ವೇಗದಲ್ಲೇ ಹೋದರೆ, ಮಗು ಹುಟ್ಟಿದಾಗ 250 ನಕ್ಷತ್ರ ಕಾಣುತ್ತಿದ್ದ ಜಾಗದಲ್ಲಿ ಆ ಮಗುವಿಗೆ 18 ವರ್ಷ ತುಂಬುವಾಗ ಕಾಣುವುದು ನೂರೇ. ‘ಏಳು’ ಎಂದು ಬರೆಯುವ ಕಡೆ ನಾಚಿಕೊಂಡು ‘ಹದಿನೈದು’ ಎಂದು ಎಲ್ಲರೂ ಬರೆದಿದ್ದರೆ ಈ ಸಂಗತಿ ಹೊರಬರುತ್ತಿತ್ತೇ?

ಇನ್ನೊಂದು ಮಾತು. ಆ ವೀಕ್ಷಣೆಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದವು. ನಮ್ಮ ಕಡೆಯ ಸಾಲುಗಳು ಬಹುಮಟ್ಟಿಗೆ ಖಾಲಿ. ಅವನ್ನು ತುಂಬಬೇಕಾದವರು ನಾವೇ.

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳ ಜೊತೆ ನೀವೂ ಮಾಳಿಗೆ ಹತ್ತಿರಿ. ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಒಳ್ಳೆಯದು, ಚಂದ್ರನ ಅಡ್ಡಿ ಇರುವುದಿಲ್ಲ. ಮಹಾವ್ಯಾಧ ಜನವರಿ, ಫೆಬ್ರವರಿಯಲ್ಲಿ ರಾತ್ರಿ ಎಂಟರ ಸುಮಾರಿಗೆ ಚೆನ್ನಾಗಿ ಕಾಣುತ್ತದೆ. ಮನೆಯ ದೀಪ ಆರಿಸಿ ಹದಿನೈದು ನಿಮಿಷ ಕತ್ತಲಲ್ಲಿ ಕೂಡಿರಿ, ಮೊಬೈಲ್ ನೋಡಬೇಡಿರಿ. ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ಎಣಿಸಿರಿ. ತಾರೀಖು, ಹೊತ್ತು, ಜಾಗ, ಮೋಡ ಇತ್ತೋ ಇಲ್ಲವೋ, ಎಷ್ಟು ಚಿಕ್ಕಿ ಕಂಡವು – ಇಷ್ಟು ವಹಿಯಲ್ಲಿರಲಿ. ತಾರೀಖಿಲ್ಲದ ಚೆಕ್ಕು ಬ್ಯಾಂಕಿನಲ್ಲಿ ನಡೆಯುವುದಿಲ್ಲ, ತಾರೀಖಿಲ್ಲದ ವೀಕ್ಷಣೆಯೂ ಅಷ್ಟೇ. ಅಜ್ಜನಿಗೆ ಐದು, ಮೊಮ್ಮಗನಿಗೆ ಒಂಬತ್ತು ಕಂಡರೆ ಎರಡನ್ನೂ ಬರೆಯಿರಿ. ಜಗಳ ಬೇಡ!

ಹಾಗೇ ಅಂಗಳದ ದೀಪದ ಮುಖ ನೆಲದ ಕಡೆ ಇದೆಯೇ, ಆಕಾಶದ ಕಡೆ ಇದೆಯೇ ಎಂದೂ ಒಮ್ಮೆ ನೋಡಿರಿ. ನಮ್ಮನೆಯದನ್ನು ಮೊಮ್ಮಗಳು ಈಗಾಗಲೇ ಕೆಳಗೆ ತಿರುಗಿಸಿದ್ದಾಳೆ. ಬರುವ ಜನವರಿಯಲ್ಲಿ ವಹಿಯ ಎರಡನೆಯ ಸಾಲು ಬರೆಯಬೇಕು. ಆರಾದರೆ ಆರು, ಎಂಟಾದರೆ ಎಂಟು.