ಪೆಟ್ಟಿಗೆಯೊಳಗಿನ ಬಿಸಿಲು

ತಿರುಪ್ಪೂರಿನಿಂದ ಸೋದರಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ಮಗ ಬನಿಯನ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ; ಕೈಯಲ್ಲಿ ಕಸುಬುಳ್ಳ ಹುಡುಗ. ಹೋದ ತಿಂಗಳು ಒಂದು ಪ್ಲೈವುಡ್ ಹಲಗೆಯನ್ನು ತಂದು, ಅಳತೆಯ ಗೆರೆ ಎಳೆದು, ಪಡಸಾಲೆಯ ಗೋಡೆಗೆ ಆನಿಸಿ ನಿಲ್ಲಿಸಿದ್ದಾನೆ. ಏನೆಂದು ವಿಚಾರಿಸಿದರೆ, ಬಾಲ್ ಪೈಥಾನ್ ಎಂಬ ಹಾವನ್ನು ಸಾಕಲು ಪೆಟ್ಟಿಗೆ ಮಾಡುವೆನೆಂದೂ ಅದರೊಳಗೆ ಕಾವು ಕೊಡಬೇಕೆಂದೂ ಹೇಳಿದನಂತೆ. “ಹುತ್ತಕ್ಕೆ ಅರಿಸಿನ ಕುಂಕುಮವಿಟ್ಟು ಕೈಮುಗಿಯುವ ಮನೆ ನಮ್ಮದು. ಹಾವನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ ಕಾಯಿಸುವುದು ಪಾಪವಲ್ಲವೇ? ಬೇಡವೆಂದರೆ ಹುಡುಗ ಮುಖ ಸಿಂಡರಿಸುತ್ತಾನೆ. ನಾನೇನು ಮಾಡಲಿ?” ಎಂಬುದು ಆ ತಾಯಿಯ ಪ್ರಶ್ನೆ.

ಕಾಗದವನ್ನು ಓದಿ ನಾವು ಮೊದಲು ನಕ್ಕೆವೆಂದೇ ಒಪ್ಪಿಕೊಳ್ಳಬೇಕು. ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಎರಡು ವರ್ಷಗಳ ಹಿಂದೆ ಕೊಯಮತ್ತೂರಿನಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಇಂಥದೇ ಒಂದು ಪೆಟ್ಟಿಗೆಯನ್ನು ಕಂಡಿದ್ದೆವು. ಹೊರಗಿನಿಂದ ನೋಡಲು ಅಂದವಾಗಿತ್ತು. ಒಳಗಿದ್ದ ಹಾವಿನ ಹೊಟ್ಟೆಯ ಪೊರೆ ಮಾತ್ರ ಅಂಗೈಯಗಲ ಕಂದಿ ಬೊಬ್ಬೆ ಎದ್ದಿತ್ತು. ಕೆಳಗಿಟ್ಟ ಕಾವಿನ ಕಲ್ಲಿಗೆ ನಿಯಂತ್ರಕವಿರಲಿಲ್ಲ. ಆ ಜೀವಿ ಸುಡುವ ಕಲ್ಲಿನ ಮೇಲೆಯೇ ಸುತ್ತಿಕೊಂಡು ಮಲಗಿತ್ತು. ಮನೆಯವರಿಗೆ ನಾಲ್ಕು ದಿನ ತಿಳಿದೇ ಇರಲಿಲ್ಲ. ಆದ್ದರಿಂದ ಸೋದರಿಯ ಪ್ರಶ್ನೆಯನ್ನು ಹಗುರವಾಗಿ ಕಾಣಲಾರೆವು.

ಮೊದಲು ಕಾನೂನಿನ ಮಾತು. ನಮ್ಮ ನೆಲದ ನಾಗರ, ಕೇರೆ, ಹೆಬ್ಬಾವು ಮೊದಲಾದವನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಎಷ್ಟು ಚೆನ್ನಾದ ಪೆಟ್ಟಿಗೆ ಮಾಡಿದರೂ ಈ ನಿಷೇಧಕ್ಕೆ ವಿನಾಯಿತಿಯಿಲ್ಲ. ಎರಡು ತಲೆಯ ಹಾವೆಂದು ಕರೆಯಲ್ಪಡುವ ಮಣ್ಣುಮುಕ್ಕ ಹಾವನ್ನು ಮನೆಯಲ್ಲಿಟ್ಟರೆ ಐಶ್ವರ್ಯ ಬರುವುದೆಂದು ನಂಬಿಸಿ ಹಣ ಕೀಳುವವರೂ ಇದ್ದಾರೆ. ಅಂಥವರನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳುಹಿಸಬೇಕು. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ವಿಷರಹಿತ ಹಾವು. ಅದು ವಿದೇಶಿ ಜೀವಿಯೆಂದು ಮನಬಂದಂತೆ ತರುವಂತಿಲ್ಲ. ವನ್ಯಜೀವಿಗಳ ವ್ಯಾಪಾರವನ್ನು ಕುರಿತ 1973ರ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಅದು ಸೇರಿದೆ. 2022ರಲ್ಲಿ ಆದ ಕಾಯಿದೆಯ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಡಿ 2024ರಲ್ಲಿ ರೂಪಿಸಿದ ನಿಯಮಗಳಂತೆ ಇಂಥ ಜೀವಿಯನ್ನು ಉಳ್ಳವರು ಕೇಂದ್ರ ಸರಕಾರದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಚೆನ್ನೈ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನಿನಿಂದ ಈ ಜಾತಿಯ ಮರಿಗಳನ್ನು ಸುಂಕದ ಅಧಿಕಾರಿಗಳು ಹೊರತೆಗೆದ ಸುದ್ದಿಯನ್ನು ನಾವೆಲ್ಲರೂ ಹಲವು ಬಾರಿ ಓದಿದ್ದೇವೆ. ಆದ್ದರಿಂದ ತಾಯಿಯಾದವರು ಮಗನನ್ನು ಮೊಟ್ಟಮೊದಲು ಕೇಳಬೇಕಾದದ್ದು ಹಾವು ಎಲ್ಲಿಂದ ಬರುತ್ತದೆ, ಅದರ ಕಾಗದಪತ್ರವೆಲ್ಲಿ ಎಂಬುದನ್ನು. ಉತ್ತರ ತಡವರಿಸಿದರೆ ಮಾತು ಅಲ್ಲಿಗೇ ಮುಗಿಯಿತು.

ಕಾಗದಪತ್ರ ಸರಿಯಾಗಿದ್ದರೆ ಕಾವಿನ ವಿಚಾರಕ್ಕೆ ಬರಬಹುದು. ನಮ್ಮ ಶರೀರ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಹಾವಿಗೆ ಆ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಬೇಕಾದಾಗ ಬಿಸಿಲಿಗೆ ಬರುವುದು, ಸಾಕಾದಾಗ ಬಿಲಕ್ಕೆ ಸರಿಯುವುದು ಅದರ ಜೀವನಕ್ರಮ. ಕಾವು ಸಾಲದಿದ್ದರೆ ನುಂಗಿದ ಆಹಾರ ಜೀರ್ಣವಾಗದೆ ಹೊರಬರುತ್ತದೆ, ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ; ಕಾವು ಮಿತಿಮೀರಿದರೆ ಪ್ರಾಣವೇ ಹೋಗುತ್ತದೆ. ಹಾವನ್ನು ಪೆಟ್ಟಿಗೆಯಲ್ಲಿ ಇಟ್ಟವನು ಅದರ ಬಿಸಿಲನ್ನೂ ನೆರಳನ್ನೂ ಕಿತ್ತುಕೊಂಡಿರುತ್ತಾನೆ. ಆ ಎರಡನ್ನೂ ಹಗಲಿರುಳು ತಾನೇ ಒದಗಿಸುವ ಹೊಣೆ ಅಂದಿನಿಂದ ಅವನದು. ಪಾಪಪುಣ್ಯದ ಲೆಕ್ಕ ಇರುವುದು ಇಲ್ಲಿ.

ನಮ್ಮ ನಾಡಿನ ಹಾವಿಗೆ ನಮ್ಮ ಹವೆಯಲ್ಲಿ ಈ ಏರ್ಪಾಡು ಬೇಕಿಲ್ಲ. ಮಾಮಲ್ಲಪುರದ ಸಮೀಪ ವಡನೆಮ್ಮೇಲಿಯಲ್ಲಿ ಇರುಳರ ಸಹಕಾರ ಸಂಘವೊಂದು 1978ರಲ್ಲಿ ಸ್ಥಾಪನೆಯಾಯಿತು. ಸರಕಾರದ ಅನುಮತಿ ಪಡೆದು ಹಿಡಿದ ವಿಷಸರ್ಪಗಳನ್ನು ಅವರು ಮರಳು ತುಂಬಿದ ಮಣ್ಣಿನ ಮಡಕೆಗಳಲ್ಲಿ ಇರಿಸಿ, ಬಾಯಿಗೆ ಬಟ್ಟೆ ಕಟ್ಟಿ, ಔಷಧಕ್ಕಾಗಿ ವಿಷ ತೆಗೆದು, ಸುಮಾರು ಮೂರು ವಾರಗಳಲ್ಲಿ ಮರಳಿ ಕಾಡಿಗೆ ಬಿಡುತ್ತಾರೆ. ಅವರ ಹಾವು ಮಡಕೆಯಲ್ಲಿರುವುದು ಕೆಲವೇ ದಿನ. ತಿರುಪ್ಪೂರಿನ ಹುಡುಗನ ಹಾವು ಇಪ್ಪತ್ತು, ಮೂವತ್ತು ವರ್ಷ ಬಾಳಬಲ್ಲದು. ಆದ್ದರಿಂದ ಅದರ ಮನೆ ಗಟ್ಟಿಯಾಗಿರಬೇಕು.

ಇನ್ನು ಪೆಟ್ಟಿಗೆ. ಬೆಳೆದ ಹಾವೊಂದಕ್ಕೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ ಇರಬೇಕು. ಎಂಟು ಅಡಿಗೆ ನಾಲ್ಕು ಅಡಿಯ ಒಂದೇ ಹಲಗೆಯನ್ನು ಸಮನಾಗಿ ನಾಲ್ಕು ತುಂಡು ಮಾಡಿದರೆ ತಳ, ಮೇಲ್ಛಾವಣಿ, ಹಿಂಗೋಡೆ ಈ ಮೂರೂ ದೊರೆಯುತ್ತವೆ. ನಾಲ್ಕನೆಯ ತುಂಡನ್ನು ಮತ್ತೆ ಎರಡು ಮಾಡಿದರೆ ಎರಡು ಪಕ್ಕಗಳು. ಗರಗಸದ ದಾರಿಗೆ ಹೋಗುವ ಅಷ್ಟಿಷ್ಟು ಬಿಟ್ಟರೆ ಏನೂ ವ್ಯರ್ಥವಾಗುವುದಿಲ್ಲ. ನೀರಿಗೆ ಬಾಯಿ ಬಿಡದ 18 ಮಿಲಿಮೀಟರ್ ದಪ್ಪದ ಹಲಗೆಯೇ ಆಗಬೇಕು. ಮುಂಭಾಗಕ್ಕೆ ಕೆಳಗೆ ಗೇಣುದ್ದದ ಪಟ್ಟಿ, ಅದರ ಮೇಲೆ ಜಾರುವ ಗಾಜು, ಗಾಜಿಗೆ ಬೀಗ. ಬೀಗವನ್ನು ಮರೆಯಕೂಡದು, ತಲೆ ತೂರುವಷ್ಟು ಸಂದು ಸಿಕ್ಕಿದರೆ ಹಾವು ಹೊರಬಿದ್ದೀತು. ದೇವದಾರು ಜಾತಿಯ ಪರಿಮಳದ ಮರ ಸಲ್ಲದು, ಅದರ ಎಣ್ಣೆಯ ಆವಿ ಹಾವಿಗೆ ಅಪಾಯಕಾರಿ. ಒಳಗೆ ಫಿನೈಲು, ನುಸಿಗುಳಿಗೆಗಳ ಸುಳಿವೂ ಬೇಡ. ಮೂಲೆಗಳ ಸಂದನ್ನು ಮೀನುತೊಟ್ಟಿಗೆ ಬಳಸುವ ಸಿಲಿಕೋನಿನಿಂದ ಮುಚ್ಚಿ, ಒಳಮೈಗೆ ನೀರು ಹಿಡಿಯದ ವಾರ್ನಿಷ್ ಬಳಿದು, ವಾಸನೆ ಪೂರ್ತಿ ಹೋಗುವವರೆಗೆ ದಿನಗಟ್ಟಲೆ ತೆರೆದಿಡಬೇಕು. ಗಾಳಿಯ ಕಂಡಿ ತಂಪಿನ ಬದಿಯಲ್ಲಿ ಕೆಳಗೂ ಬಿಸಿಯ ಬದಿಯಲ್ಲಿ ಮೇಲೂ ಇದ್ದರೆ ಬಿಸಿಗಾಳಿ ತಾನಾಗಿ ಏರಿ ಹೊರಹೋಗಿ ಹೊಸಗಾಳಿ ಒಳಬರುತ್ತದೆ. ತಳಕ್ಕೆ ಹಾಸಲು ಪೊಳ್ಳಾಚಿಯ ಕಡೆ ಹೇರಳವಾಗಿ ದೊರೆಯುವ ತೆಂಗಿನ ಸಿಪ್ಪೆಯ ಚೂರನ್ನು ಚೆನ್ನಾಗಿ ತೊಳೆದು ಒಣಗಿಸಿ ಬಳಸಬಹುದು. ಅದು ಬೇಕಾದ ತೇವವನ್ನು ಹಿಡಿದಿಡುತ್ತದೆ.

ಕಾವಿನ ಸಾಧನವನ್ನು ಕೆಳಗಿಡುವ ತಪ್ಪನ್ನು ಹಲವರು ಮಾಡುತ್ತಾರೆ. ಮರ ಶಾಖವನ್ನು ಸುಲಭವಾಗಿ ಸಾಗಗೊಡುವುದಿಲ್ಲ. ಪೆಟ್ಟಿಗೆಗೆ ಅದನ್ನು ಆರಿಸುವುದೂ ಅದಕ್ಕಾಗಿಯೇ. ಹಲಗೆಯ ಅಡಿಯಲ್ಲಿ ಹೀಟರ್ ಹಾಸಿದರೆ ಬಿಸಿ ಮೇಲೇರದೆ ಅಲ್ಲೇ ಕೂಡಿಕೊಂಡು ಹಲಗೆ ಕರಿಕಾದೀತು. ಬೆಳಕು ಬೀರದ ಸೆರಾಮಿಕ್ ಹೀಟರನ್ನು ಮೇಲ್ಛಾವಣಿಯ ಒಂದು ಕೊನೆಗೆ ತೂಗಿ, ಹಾವು ತಾಗದಂತೆ ಸುತ್ತ ತಂತಿಯ ಜಾಲರಿ ಹಾಕಬೇಕು. ಬಿಸಿಯ ಕೊನೆ 31, 32 ಡಿಗ್ರಿ ಸೆಲ್ಸಿಯಸ್, ತಂಪಿನ ಕೊನೆ 25, 26 ಡಿಗ್ರಿ. ಎರಡು ಕೊನೆಗೂ ಅಡಗಿಕೊಳ್ಳಲು ಒಂದೊಂದು ಗೂಡು. ಒಂದೇ ಗೂಡಿದ್ದರೆ ಹಾವು ಹೆದರಿಕೆಯಿಂದ ಅಲ್ಲಿಯೇ ಕುಳಿತು, ಬೇಕಾದ ಕಾವನ್ನು ಬಿಟ್ಟುಕೊಟ್ಟೀತು. ಹೀಟರಿಗೂ ವಿದ್ಯುತ್ತಿಗೂ ನಡುವೆ ಥರ್ಮೋಸ್ಟಾಟ್ ಇಲ್ಲದ ಪೆಟ್ಟಿಗೆಯನ್ನು ಮನೆಯೊಳಗೆ ಸೇರಿಸಲೇಬಾರದು. ಥರ್ಮೋಸ್ಟಾಟೂ ಕೈಕೊಡಬಹುದಾದ್ದರಿಂದ ಬೇರೆಯಾಗಿ ಎರಡು ಉಷ್ಣಮಾಪಕಗಳಿರಬೇಕು.

ಪಲ್ಲಡಂ ಸೀಮೆಯ ಕೋಳಿ ಸಾಕಣೆಯವರಿಗೆ ಕಾವಿನ ಈ ವಿದ್ಯೆ ಹೊಸತಲ್ಲ. ಮೊದಲ ವಾರದ ಮರಿಗಳಿಗೆ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಕೊಟ್ಟು, ವಾರಕ್ಕೆ ಐದೈದು ಡಿಗ್ರಿ ಇಳಿಸುವ ಲೆಕ್ಕ ಅವರಿಗೆ ಬಾಯಿಪಾಠ. ಚಳಿಯಾದರೆ ಮರಿಗಳು ದೀಪದ ಕೆಳಗೆ ಒತ್ತೊತ್ತಾಗಿ ಸೇರಿ ಚೀರುತ್ತವೆ, ಬಿಸಿಯಾದರೆ ದೂರ ಚದರುತ್ತವೆ. ಹಾವು ಚೀರುವುದಿಲ್ಲ. ಕೊಯಮತ್ತೂರಿನಲ್ಲಿ ನಾವು ಕಂಡ ಆ ಹಾವು ನಾಲ್ಕು ದಿನ ಸುಟ್ಟುಕೊಂಡದ್ದು ಈ ಮೌನದಲ್ಲಿಯೇ. ಅದರ ಪರವಾಗಿ ಮಾತನಾಡುವುದು ಉಷ್ಣಮಾಪಕವೊಂದೇ.

ನಮ್ಮ ಜಿಲ್ಲೆಗಳ ಹವೆಯನ್ನೂ ಎಣಿಕೆಗೆ ತರಬೇಕು. ಆಡಿ ತಿಂಗಳಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿಗೂ ಮಾರ್ಗಶಿರದ ರಾತ್ರಿಗಳಿಗೂ ಹೀಟರ್ ಬೇಕು. ಚಿತ್ರೆಯ ಬಿಸಿಲಿನಲ್ಲಿ ಅದರ ತಿರುವು ಮುರುವು. ತಗಡಿನ ಇಲ್ಲವೆ ಸಿಮೆಂಟ್ ಶೀಟಿನ ಮಾಡಿನ ಕೆಳಗೆ ಹೀಟರ್ ಆರಿಸಿದರೂ ಪೆಟ್ಟಿಗೆ 35 ಡಿಗ್ರಿ ದಾಟಿ ಹಾವಿನ ಪ್ರಾಣಕ್ಕೆ ಎರವಾದೀತು. ಬಿಸಿಯನ್ನು ಹಿಡಿದಿಡುವ ಮರದ ಗುಣವೇ ಆಗ ಶತ್ರುವಾಗುತ್ತದೆ. ಆದ್ದರಿಂದ ಕೆಳಮನೆಯಲ್ಲಿ, ಬಿಸಿಲು ತಾಗದ ಗೋಡೆಯ ಬಳಿ ಪೆಟ್ಟಿಗೆಗೆ ಸ್ಥಳವಿರಬೇಕು. ದುರಸ್ತಿಗೆಂದು ಬೆಳಗಿನಿಂದ ಸಂಜೆಯವರೆಗೆ ವಿದ್ಯುತ್ ನಿಲ್ಲಿಸುವ ದಿನಕ್ಕೂ ಉಪಾಯ ಮೊದಲೇ ಇರಲಿ: ಗಾಳಿಯ ಕಂಡಿ ಬಿಟ್ಟು ಕಂಬಳಿ ಹೊದಿಸಿದರೆ ಕೆಲವು ಗಂಟೆ ಕಾವು ನಿಲ್ಲುತ್ತದೆ.

ಸಂಸ್ಥೆಗಳಿಗೂ ಈ ಹೊಣೆ ಸುಲಭವಲ್ಲ. ಕೊಯಮತ್ತೂರಿನ ವ.ಉ.ಚಿ. ಉದ್ಯಾನದ ಮೃಗಾಲಯವನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡವರೇ. ಜಾಗ ಸಾಲದೆಂಬ ಕೊರತೆಯಿಂದ 2022ರಲ್ಲಿ ಅದು ತನ್ನ ಮಾನ್ಯತೆಯನ್ನು ಕಳೆದುಕೊಂಡಿತು. ಮನೆಯೊಂದರಲ್ಲಿ ಈ ಹೊಣೆ ಯಾರ ತಲೆಗೆ ಬೀಳುವುದೆಂದು ಹೇಳಬೇಕಾಗಿಲ್ಲ. ಹುಡುಗ ರಾತ್ರಿಯ ಪಾಳಿಗೆ ಹೋದರೆ ಉಷ್ಣಮಾಪಕವನ್ನು ನೋಡುವವರು ತಾಯಿ. ಹಾವಿನ ಆಹಾರವಾದ ಸತ್ತ ಇಲಿ ಶೀತಪೆಟ್ಟಿಗೆಯಲ್ಲಿ ಇರಬೇಕಾದದ್ದೂ ಅವರ ಅಡಿಗೆಮನೆಯಲ್ಲಿ. ನಾಳೆ ಮದುವೆಯಾಗಿ ಬರುವ ಸೊಸೆಯ ಒಪ್ಪಿಗೆಯೂ ಬೇಕಾಗುತ್ತದೆ. ಇದನ್ನೆಲ್ಲ ಮಗನೊಡನೆ ಕುಳಿತು ಮಾತಾಡಿಕೊಳ್ಳಬೇಕು.

ಸೋದರಿಗೆ ನಮ್ಮ ಉತ್ತರ ಇಷ್ಟೇ. ಬೇಡವೆಂದು ಸಿಟ್ಟಾಗಬೇಡಿ, ಆಗಲಿ ಎಂದೂ ಈಗಲೇ ಹೇಳಬೇಡಿ. ಹುಡುಗ ಪೆಟ್ಟಿಗೆಯನ್ನು ಪೂರ್ತಿ ಮಾಡಲಿ. ಹಾವನ್ನು ತರುವ ಮೊದಲು, ಖಾಲಿ ಪೆಟ್ಟಿಗೆಯನ್ನೇ ಹೀಟರ್ ಹಾಕಿ ಹದಿನೈದು ದಿನ ನಡೆಸಲಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎರಡು ಕೊನೆಗಳ ಉಷ್ಣತೆಯನ್ನು ಒಂದು ಪುಸ್ತಕದಲ್ಲಿ ತನ್ನ ಕೈಯಾರೆ ಬರೆಯಲಿ. ತಾನಿಲ್ಲದ ಹೊತ್ತಿಗೆ ಯಾರನ್ನಾದರೂ ಒಪ್ಪಿಸಿ ಬರೆಸಲಿ. ಹದಿನೈದು ದಿನದ ಒಂದು ಸಾಲೂ ಬಿಡದೆ ತುಂಬಿ, ಅಂಕೆಗಳು ಏರುಪೇರಿಲ್ಲದೆ ನಿಂತರೆ, ಆ ಹುಡುಗ ಒಂದು ಜೀವಿಗೆ ಬಿಸಿಲಾಗಿ ನಿಲ್ಲಬಲ್ಲನೆಂದು ನಂಬಬಹುದು. ಆಗ ಒಪ್ಪಿಗೆ ಕೊಡಿ. ಹುತ್ತಕ್ಕೆ ಕೈಮುಗಿದವರ ಮನೆಗೆ ಅದರಿಂದ ಕುಂದಿಲ್ಲ.

ಐದನೆಯ ದಿನಕ್ಕೇ ಪುಸ್ತಕ ಖಾಲಿ ಬಿದ್ದರೆ ಬೇಸರ ಬೇಡ. ನಾಲ್ಕು ಅಡಿಯ ಭದ್ರವಾದ ಪೆಟ್ಟಿಗೆ, ಅದಕ್ಕೊಂದು ಗಾಜಿನ ಬಾಗಿಲು. ಹೀಟರನ್ನು ಕಳಚಿದರೆ ಹಬ್ಬದ ಸೀರೆಗಳನ್ನು ಮಡಿಸಿಡಲು ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.